ಗೊಂಬೆಗಳ ಬಿಡಾರ

ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಹಾಡಿ ನಲಿಯುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಹಳೆಯ ಸಂಪ್ರದಾಯ. ಈ ಸಲ ಮರಿಯಮ್ಮನಹಳ್ಳಿಯ ನಮ್ಮ ಓಣಿಯ ಎಂಟು ಹುಡುಗಿಯರಿಗಾಗಿ ಒಂದು ರಾತ್ರಿಯ ಬಿಡಾರ ಹೂಡಬೇಕೆಂದಿದ್ದೇನೆ. ಮಳೆಗಾಲವಾದ್ದರಿಂದ ನಮ್ಮ ಪಡಸಾಲೆಯೇ ಬಯಲು. ಅವ್ವನ ಹಳೆಯ ಸೀರೆಗಳೇ ಡೇರೆ. ಹಾಸಲು ಕೌದಿ, ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ಪ್ರತಿಯೊಬ್ಬಳೂ ತನ್ನ ಗೊಂಬೆಯೊಂದನ್ನು ತರತಕ್ಕದ್ದು.

“ಗೊಂಬಿ ಮದುವಿ ಮಾಡಲ್ಲೇನಕ್ಕಾ?” ಎಂದು ಒಬ್ಬಳು ಕೇಳಿದಳು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹುಡುಗಿಗೆ 18 ವರ್ಷ ತುಂಬಿರಬೇಕೆಂದು ಹೇಳಿ, ಗೊಂಬೆಯ ವಯಸ್ಸು ಕೇಳಿದೆ. ಬೆರಳೆಣಿಸಿ, “ಎರಡು” ಎಂದಳು. ಹಾಗಾದರೆ ಗೊಂಬೆಗಳನ್ನು ಶಾಲೆಗೇ ಕಳಿಸುವುದೆಂದು ತೀರ್ಮಾನವಾಯಿತು.

14ಕ್ಕೆ ಮದುವೆಯಾಗಿ, ಶಾಲೆಯ ಮೆಟ್ಟಿಲನ್ನೇ ಹತ್ತದ ನನ್ನ ಅವ್ವ ಎಲ್ಲವನ್ನೂ ಕೇಳುತ್ತಾ ಕುಳಿತಿದ್ದಳು. ಈಗ ಸೀರೆಯ ಚೂರುಗಳಿಂದ ಎಂಟು ಪುಟ್ಟ ಪಾಟೀಚೀಲಗಳನ್ನು ಹೊಲಿಯುತ್ತಿದ್ದಾಳೆ.