ದುಬೈಗೆ ಹೊರಟ ಮ್ಯಾನೇಜರ್

1977ರ ಜುಲೈ 12ರಂದು ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಡಾನ್ ರೆವಿ ಕೆಲಸ ಬಿಟ್ಟ ಸುದ್ದಿ ‘ಡೇಲಿ ಮೇಲ್’ ಪತ್ರಿಕೆಯಲ್ಲಿ ಬಂತು. ರಾಜೀನಾಮೆ ಪತ್ರ ಇನ್ನೂ ಫುಟ್‌ಬಾಲ್ ಅಸೋಸಿಯೇಷನ್ನಿನ ಕೈಸೇರಿರಲಿಲ್ಲ. ಸಂಯುಕ್ತ ಅರಬ್ ಸಂಸ್ಥಾನದ ತಂಡಕ್ಕೆ ನಾಲ್ಕು ವರ್ಷ ಕೋಚ್ ಆಗಲು ಅವನಿಗೆ ಸಿಗಲಿದ್ದದ್ದು ತೆರಿಗೆಯಿಲ್ಲದ 3,40,000 ಪೌಂಡ್. ಅಂದಿನಿಂದ ಇಂಗ್ಲೆಂಡಿನಲ್ಲಿ ಅವನ ಹೆಸರಿಗೆ ‘ದ್ರೋಹಿ’ ಎಂಬ ಮಾತು ಅಂಟಿಕೊಂಡಿತು.

ಹೆಚ್ಚು ಸಂಬಳದ ಪರದೇಶದ ಕೆಲಸವನ್ನು ಮ್ಯಾನೇಜರ್ ಒಬ್ಬ ಒಪ್ಪಿಕೊಳ್ಳಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ರೆವಿಯೇ ನೆನಪಾಗುತ್ತಾನೆ. ಮಿಡಲ್ಸ್‌ಬರೋ ಎಂಬ ಕಾರ್ಖಾನೆ ಊರಿನಲ್ಲಿ ಹುಟ್ಟಿದವನು. ಅಪ್ಪ ಬಡಗಿ, ಕೆಲಸವಿಲ್ಲದೆ ಕುಳಿತ ದಿನಗಳೇ ಹೆಚ್ಚು. ಹನ್ನೆರಡನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ. 1961ರಲ್ಲಿ ಲೀಡ್ಸ್ ಯುನೈಟೆಡ್ ಅವನ ಕೈಗೆ ಬಂದಾಗ ಆ ಕ್ಲಬ್ಬು ಎರಡನೇ ದರ್ಜೆಯಿಂದಲೂ ಕೆಳಗೆ ಬೀಳುವ ಸ್ಥಿತಿಯಲ್ಲಿತ್ತು. ಅದನ್ನೇ ಆತ 1969ರಲ್ಲೂ 1974ರಲ್ಲೂ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಮಾಡಿದ. ಎದುರಾಳಿ ಆಟಗಾರರ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆಸುತ್ತಿದ್ದ, ಅದೃಷ್ಟ ಕೈಕೊಡಬಾರದೆಂದು ಒಂದೇ ನೀಲಿ ಸೂಟನ್ನು ಸವೆಯುವವರೆಗೆ ತೊಡುತ್ತಿದ್ದ. ಕೈಯಲ್ಲಿರುವುದು ನಾಳೆ ಹೋದೀತು ಎಂಬ ಭಯ ಬಡತನದಲ್ಲಿ ಬೆಳೆದವರನ್ನು ಕೊನೆಯವರೆಗೂ ಬಿಡುವುದಿಲ್ಲ. ರಾಷ್ಟ್ರೀಯ ತಂಡ ಅವನ ಕೈಯಲ್ಲಿ ಸೋಲುತ್ತಿತ್ತು, ಇಂದೋ ನಾಳೆಯೋ ತೆಗೆದುಹಾಕುತ್ತಾರೆ ಎಂದು ಅವನಿಗೆ ಅನ್ನಿಸಿತ್ತು. ಆಗ ಬ್ರಿಟನ್ನಿನಲ್ಲಿ ಗಳಿಕೆಯ ಮೇಲಿನ ತೆರಿಗೆ ಮೇಲ್ಮಟ್ಟದಲ್ಲಿ ಶೇ 83ರಷ್ಟಿತ್ತು ಎಂಬುದನ್ನೂ ಮರೆಯಬಾರದು.

ದುಡ್ಡಿಗಾಗಿ ಹೋದ ಎಂಬ ಬೈಗುಳ ನಮ್ಮ ಕರಾವಳಿಯಲ್ಲಿ ಯಾರಿಗೂ ತಟ್ಟುವುದಿಲ್ಲ. ರೆವಿ ಹೋದ ಕಾಲಕ್ಕೇ ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಂದ ಗಂಡಸರು ಅದೇ ದುಬೈಗೆ ಹೊರಟಿದ್ದರು. ನನ್ನ ದೊಡ್ಡಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ವೀಸಾ ಬಂದ ದಿನವೇ ಧಣಿಗಳ ಮನೆಯ ಜಗಲಿಗೆ ಹೋಗಿ, “ಸಾಲ ಉಂಟು, ಮಕ್ಕಳ ಓದು ಉಂಟು, ಹೋಗ್ತೇನೆ” ಎಂದು ಹೇಳಿ ಬಂದರಂತೆ. ಧಣಿಗಳಿಗೆ ಸಿಟ್ಟು ಬಂತು. ಆದರೂ ಹೊರಡುವ ಮುಂಚೆ ದೊಡ್ಡಪ್ಪ, ಹೊಗೆಯ ಬಣ್ಣ ನೋಡಿ ಭಟ್ಟಿಯ ಕಾವು ತಿಳಿಯುವುದು ಹೇಗೆಂದು ಒಬ್ಬ ಕಿರಿಯನಿಗೆ ಕಲಿಸಿಕೊಟ್ಟೇ ಹೋದರು. ಅವರು ಕಳಿಸಿದ ಡ್ರಾಫ್ಟುಗಳಿಂದ ಮೂವರು ಹೆಣ್ಣುಮಕ್ಕಳ ಕಾಲೇಜು ಮುಗಿಯಿತು.

ರೆವಿಯ ಮೇಲೆ ನನಗಿರುವ ತಕರಾರು ಇಲ್ಲೇ. 1977ರ ಜೂನಿನಲ್ಲಿ ತಂಡ ದಕ್ಷಿಣ ಅಮೆರಿಕಕ್ಕೆ ಹೊರಟಾಗ, ಇಟಲಿ–ಫಿನ್ಲೆಂಡ್ ಪಂದ್ಯ ನೋಡಬೇಕೆಂದು ಹೇಳಿ ಆತ ಜೊತೆಗೆ ಹೋಗಲಿಲ್ಲ. ಆ ದಿನಗಳಲ್ಲೇ ದುಬೈಗೆ ಹೋಗಿ ಮಾತುಕತೆ ಮುಗಿಸಿದ. ಹುಡುಗರು ರಿಯೋದಲ್ಲಿ ಬ್ರೆಜಿಲ್ ಎದುರು ಆಡುತ್ತಿದ್ದರೆ ಅವರ ಮ್ಯಾನೇಜರ್ ಬೇರೊಬ್ಬರ ಸಂಬಳದ ಲೆಕ್ಕದಲ್ಲಿದ್ದ. ಅವರಿಗೆ ಎದುರು ಕೂತು ಹೇಳಬೇಕಿತ್ತು. ಹೇಳದೆ ಹೋದದ್ದು ತಪ್ಪು. ದುಡ್ಡಿನ ಮೊತ್ತ ಎಷ್ಟಿದ್ದರೂ ಆ ತಪ್ಪು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಅಸೋಸಿಯೇಷನ್ ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಹತ್ತು ವರ್ಷ ಕೆಲಸ ಮಾಡದಂತೆ ಅವನನ್ನು ನಿಷೇಧಿಸಿತು. ಅವನ ಮೇಲೆ ಮೊದಲೇ ಮುನಿದಿದ್ದ ಅಧ್ಯಕ್ಷರೇ ವಿಚಾರಣೆಗೂ ಕೂತಿದ್ದರು. 1979ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು, ರೆವಿಯ ನಡತೆಯನ್ನು ಟೀಕಿಸುತ್ತಲೇ. ಸೋತ ಮ್ಯಾನೇಜರನ್ನು ಒಂದು ಸಂಜೆಯಲ್ಲಿ ಮನೆಗೆ ಕಳಿಸುವ ಸಂಸ್ಥೆಗಳಿಗೆ ನಿಷ್ಠೆಯ ಪಾಠ ಹೇಳುವ ಹಕ್ಕು ಎಲ್ಲಿಂದ ಬರುತ್ತದೆ? 1989ರಲ್ಲಿ ನರರೋಗದಿಂದ ರೆವಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಸೋಸಿಯೇಷನ್ ಒಬ್ಬ ಪ್ರತಿನಿಧಿಯನ್ನೂ ಕಳಿಸಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು.

ಈಚಿನ ಉದಾಹರಣೆ ರೊಬೆರ್ಟೊ ಮಾಂಚಿನಿ. 2021ರಲ್ಲಿ ಇಟಲಿಗೆ ಯೂರೋ ಕಪ್ ಗೆದ್ದುಕೊಟ್ಟವರು. 2023ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟು, ಎರಡು ವಾರಕ್ಕೆ ಸೌದಿ ಅರೇಬಿಯಾದ ಕೋಚ್ ಆದರು. ಇಟಲಿಯಲ್ಲಿ ಕೂಗಾಡಿದರು. ನನ್ನ ಮನಸ್ಸು ಕೆಟ್ಟದ್ದು ಆಮೇಲೆ. 2024ರ ಜನವರಿಯಲ್ಲಿ ಏಷ್ಯಾ ಕಪ್ ಪಂದ್ಯ ದಕ್ಷಿಣ ಕೊರಿಯಾ ವಿರುದ್ಧ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ತನ್ನ ಹುಡುಗರು ಎರಡು ಸಲ ಎಡವಿದ್ದರು, ಕೊರಿಯಾದ ಕೊನೆಯ ಹೊಡೆತ ಇನ್ನೂ ಬಾಕಿಯಿತ್ತು, ಅಷ್ಟರಲ್ಲೇ ಮಾಂಚಿನಿ ಎದ್ದು ಒಳಗೆ ನಡೆದುಬಿಟ್ಟರು. ಮುಗಿಯಿತೆಂದುಕೊಂಡೆ ಎಂದು ಆಮೇಲೆ ಕ್ಷಮೆ ಕೇಳಿದರು. ಅಷ್ಟು ಸಂಬಳ ಕೊಟ್ಟು ಕರೆಸಿಕೊಂಡವರಿಗೆ, ಸೋತ ಹುಡುಗನ ಹೆಗಲ ಮೇಲೆ ಕೋಚಿನ ಕೈಯಾದರೂ ಬೇಡವೇ? ಮಾಂಚಿನಿ ಇಟಲಿ ಬಿಟ್ಟದ್ದಕ್ಕಿಂತ ಆ ಮೈದಾನ ಬಿಟ್ಟದ್ದೇ ನನಗೆ ದೊಡ್ಡದಾಗಿ ಕಂಡಿತು.

ನಾವು ಕರೆಸಿಕೊಂಡವರೂ ಹೌದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಮೊದಲ ಕೋಚ್ ಆಗಿ ಬಂದದ್ದು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ಆತ ಎಷ್ಟು ಸಂಬಳಕ್ಕೆ ಬಂದ, ಯಾರನ್ನು ಬಿಟ್ಟು ಬಂದ ಎಂದು ಗ್ಯಾಲರಿಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ನಮ್ಮ ಹುಡುಗರಿಗೆ ಏನು ಕಲಿಸುತ್ತಾನೆ ಎಂದಷ್ಟೇ ನೋಡಿದೆವು. ಇನ್ನು ರೆವಿಯನ್ನು ಕರೆಸಿಕೊಂಡ ಅರಬ್ ಸಂಸ್ಥಾನದ ತಂಡ 1990ರಲ್ಲಿ ಮೊದಲ ಬಾರಿಗೆ ವಿಶ್ವಕಪ್ ಆಡಿತು. ರೆವಿ ಆ ಕೆಲಸ ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು, ಅದರ ಶ್ರೇಯ ಬೇರೆಯವರದು. ಆದರೆ ಅಲ್ಲಿನ ಆಟದ ಅಡಿಪಾಯದ ಮಾತು ಬಂದಾಗ ಅವನ ಹೆಸರನ್ನೂ ಹೇಳುತ್ತಾರೆ, ದ್ರೋಹಿ ಎಂಬ ಮಾತಿಲ್ಲದೆ.