ಜೇಡರ ಬಲೆ, ವಿರಾಟನಗರ ಮತ್ತು ನಮ್ಮ ನಾಲಗೆ

‘ಜೇಡರ’ ಎಂಬ ಪದ ಕಿವಿಗೆ ಬಿದ್ದೊಡನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ದಾಸಿಮಯ್ಯನೇ ಮೊದಲು ನೆನಪಾಗಬೇಕು. ಜೇಡನೆಂದರೆ ನೇಕಾರನೂ ಹೌದು. ಇಚಲಕರಂಜಿಯ ಮಗ್ಗಗಳ ಸದ್ದು ಹಗಲಿರುಳೂ ಕೇಳುವ ಯಡ್ರಾವದಲ್ಲಿ ಕುಳಿತು ನಾನು ‘ಜೇಡರ ಬಲೆ’ ಚಿತ್ರವನ್ನು ಮತ್ತೆ ನೋಡಿದಾಗ ಆ ಶೀರ್ಷಿಕೆಯ ಎರಡನೆಯ ಅರ್ಥವೇ ಮುಂದೆ ಬಂದು ನಿಂತಿತು. ಚಿತ್ರಕ್ಕೆ ಬೇಕಾದದ್ದು ಕೀಟದ ಬಲೆ ಮಾತ್ರ, ನಿಜ. ಆದರೆ ಎಳೆಗೆ ಎಳೆ ಸೇರಿಸಿ ನೇಯುವ ಕೆಲಸ ಗೂಢಚಾರನ ಕಥೆಗೂ ಸಲ್ಲುತ್ತದೆ.

ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರ 1968ರದು. ಜೇಮ್ಸ್ ಬಾಂಡನ ಮೊದಲ ಚಿತ್ರ ‘ಡಾಕ್ಟರ್ ನೋ’ 1962ರಲ್ಲಿ ಬಂದಿತ್ತು; ಆರೇ ವರ್ಷಗಳಲ್ಲಿ 007ಕ್ಕೆ ಉತ್ತರವಾಗಿ ಕನ್ನಡದಲ್ಲಿ ಸಿ.ಐ.ಡಿ. 999 ಹುಟ್ಟಿದ. ಅದೇ ವರ್ಷ ಅವನು ಗೋವಾಕ್ಕೆ ಹೋದ, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್’ ನಡೆಸಿದ, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ಗಾಗಿ ಮರಳಿ ಬಂದ. ಇದೇ ನಿರ್ದೇಶಕರು ಮುಂದೆ ‘ಕಸ್ತೂರಿ ನಿವಾಸ’ವನ್ನೂ, ಕಾದಂಬರಿಗಳನ್ನು ಆಧರಿಸಿದ ‘ಎರಡು ಕನಸು’, ‘ಬಯಲು ದಾರಿ’ಗಳನ್ನೂ ಮಾಡಿದರು. ಅವುಗಳ ಬಗ್ಗೆ ಗೌರವದಿಂದ ಮಾತನಾಡುವ ನಾವು ಬೇಹುಗಾರಿಕೆಯ ಚಿತ್ರಗಳನ್ನು ಮಾತ್ರ ನಕ್ಕು ಬದಿಗೆ ಸರಿಸುತ್ತೇವೆ. ಆ ನಗುವಿಗೆ ನನ್ನ ಸಮ್ಮತಿಯಿಲ್ಲ.

ಈ ಪ್ರಕಾರದ ಕಟ್ಟುಪಾಡುಗಳು ಬಹುಮಟ್ಟಿಗೆ ಎಲ್ಲರಿಗೂ ಗೊತ್ತಿರುವವೇ: ಹೆಸರಿಗಿಂತ ದೊಡ್ಡದಾದ ಸಂಖ್ಯೆ, ಗುಪ್ತ ಅಡಗುದಾಣ, ಯಾರ ಪಕ್ಷದವಳೆಂದು ತಿಳಿಯದ ಸುಂದರಿ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಬೆನ್ನುಹತ್ತುವ ಒಂದು ವಸ್ತು. ಹಿಚ್‌ಕಾಕ್ ಅದನ್ನು ‘ಮ್ಯಾಕ್‌ಗಫಿನ್’ ಎಂದು ಕರೆದ. ಅದು ಏನೆಂಬುದು ನೋಡುಗನಿಗೆ ಮುಖ್ಯವಲ್ಲ. ಅದರ ಹಿಂದೆ ಜನ ಓಡುವುದು ಮುಖ್ಯ. ‘ಜೇಡರ ಬಲೆ’ಯಲ್ಲಿ ಆ ವಸ್ತು ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರ. ಶೀತಲ ಸಮರದ ಹಾಲಿವುಡ್ಡಿಗೆ ಯುರೇನಿಯಂ, ಮೈಕ್ರೋಫಿಲ್ಮ್ ಬೇಕಾಗಿದ್ದವು. ಕನ್ನಡ ಚಿತ್ರಕ್ಕೆ ಪರುಷಮಣಿ ಸಾಕಾಯಿತು. ವಚನಗಳಲ್ಲಿ ಪರುಷವನ್ನು ಓದಿರುವ ನಮಗೆ ಈ ಆಯ್ಕೆ ಬಾಲಿಶವೆನಿಸಬೇಕಾಗಿಲ್ಲ.

ಇಂಥ ವಸ್ತುವೊಂದು ನಮ್ಮ ಪರಂಪರೆಯಲ್ಲಿ ಬಹಳ ಹಿಂದೆಯೇ ಇದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅದು ಅಮಾತ್ಯ ರಾಕ್ಷಸನ ಉಂಗುರ. ಯಮಪಟವನ್ನು ಹಿಡಿದು ಮನೆಮನೆ ತಿರುಗುವವನ ವೇಷದಲ್ಲಿ ಚಾಣಕ್ಯನ ಚಾರನೊಬ್ಬ ಚಂದನದಾಸನ ಮನೆಗೆ ಬರುತ್ತಾನೆ. ಹೊರಗೆ ಓಡಿಬಂದ ಮಗುವನ್ನು ಒಳಗೆಳೆದುಕೊಳ್ಳುವ ಅವಸರದಲ್ಲಿ ತಾಯಿಯ ಬೆರಳಿನಿಂದ ಉಂಗುರ ಜಾರುತ್ತದೆ. ಒಂದು ರಾಜ್ಯದ ಹಣೆಬರಹ ಅಲ್ಲಿಂದ ತಿರುಗುತ್ತದೆ. ಕೊಲೆಯಿಲ್ಲ, ಕತ್ತಿಯಿಲ್ಲ, ತಾಯಿಯ ಗಾಬರಿಯೊಂದೇ. 999ರ ನಾಲ್ಕೂ ಚಿತ್ರಗಳಲ್ಲಿ ಇದಕ್ಕೆ ಸರಿದೂಗುವ ದೃಶ್ಯ ನನಗೆ ಕಾಣಲಿಲ್ಲ. ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವನ್ನು ಬರೆದು ಈ ಕಥಾವಸ್ತುವನ್ನು ಕನ್ನಡ ಗದ್ಯಕ್ಕೆ ತಂದ. ನಾವು ಅದನ್ನು ಹೊಸಗನ್ನಡ ಗದ್ಯದ ಮೈಲಿಗಲ್ಲೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ರೋಚಕ ಕಥೆಯೆಂದು ಓದುವವರು ಕಡಿಮೆ.

ಬೇಹುಗಾರನ ಮೇಲೆ ನೋಡುಗನಿಗೆ ಸಂಶಯವಿರಬೇಕೆಂಬುದು ಈ ಪ್ರಕಾರದ ಇನ್ನೊಂದು ನಿಯಮ. ಕನ್ನಡದಲ್ಲಿ ಅದು ಸಾಧ್ಯವಿರಲಿಲ್ಲ. 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರಸ್ವಾಮಿಯಾಗಿ, 1967ರಲ್ಲಿ ಇಮ್ಮಡಿ ಪುಲಿಕೇಶಿಯಾಗಿ ಕಂಡ ರಾಜಕುಮಾರ್ ಮರುವರ್ಷ ಪಿಸ್ತೂಲು ಹಿಡಿದು ಬಂದರೆ ಅವರನ್ನು ಯಾರು ಶಂಕಿಸುತ್ತಾರೆ? ಸೂಟು ಬೂಟು ಅವರ ಮತ್ತೊಂದು ವೇಷವೆನಿಸುತ್ತದೆ, ಅಷ್ಟೆ. ಹೀಗಾಗಿ ಕುತೂಹಲ ಬೇರೆಡೆಗೆ ಸರಿಯುತ್ತದೆ: ಇವನು ಯಾರೆಂದು ನಮಗೆ ಗೊತ್ತು, ಅವರಿಗೆ ಯಾವಾಗ ಗೊತ್ತಾಗುತ್ತದೆ? ಮೇಜಿನ ಕೆಳಗೆ ಬಾಂಬಿರುವುದು ಪಾತ್ರಗಳಿಗೆ ತಿಳಿಯದೆ ಪ್ರೇಕ್ಷಕನಿಗೆ ಮಾತ್ರ ತಿಳಿದಿರಬೇಕೆಂದು ಹಿಚ್‌ಕಾಕ್ ಹೇಳಿದ್ದೂ ಇದನ್ನೇ.

ವಿರಾಟಪರ್ವದ ಸೊಗಸೂ ಇದೇ ಅಲ್ಲವೇ? ಕಂಕಭಟ್ಟನೂ ವಲಲನೂ ಬೃಹನ್ನಳೆಯೂ ಯಾರೆಂದು ಕೇಳುಗನಿಗೆ ಗೊತ್ತು. ಒಂದು ವರ್ಷದ ಗಡುವು. ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ ಕಾಡು. ದುರ್ಯೋಧನನ ಚಾರರು ದೇಶವೆಲ್ಲ ಅಲೆದು ಬರಿಗೈಯಲ್ಲಿ ಮರಳುತ್ತಾರೆ. ಕೊನೆಗೆ ಸುಳಿವಾಗುವುದು ಕೀಚಕನ ಸಾವು: ಅವನನ್ನು ಹಾಗೆ ಕೊಲ್ಲಬಲ್ಲವನು ಭೀಮನಲ್ಲದೆ ಇನ್ನಾರು? ದ್ರೌಪದಿಯ ದುಃಖಕ್ಕೆ ಭೀಮ ಓಗೊಟ್ಟದ್ದೇ ಅಜ್ಞಾತವಾಸಕ್ಕೆ ಅಪಾಯವಾಗುತ್ತದೆ. ವೇಷವನ್ನು ಪ್ರೀತಿ ಒಡೆಯುತ್ತದೆ. ಕುಮಾರವ್ಯಾಸನ ಈ ಭಾಗವನ್ನು ತರಗತಿಯಲ್ಲಿ ಓದುವಾಗ ಯಾರೂ ಆಕಳಿಸುವುದಿಲ್ಲವೆಂಬುದನ್ನು ಗಮನಿಸಿ.

‘ಜೇಡರ ಬಲೆ’ಯ ಸರಣಿ ನನಗೆ ಸಪ್ಪೆಯೆನಿಸುವುದು ಮಾತಿನ ವಿಷಯದಲ್ಲಿ. ಗೋವಾದಲ್ಲೂ ಮೈಸೂರು ಸೀಮೆಯ ಶುದ್ಧ ಕನ್ನಡ, ಖಳನ ಗುಹೆಯಲ್ಲೂ ಅದೇ. ಗಡಿಯಲ್ಲಿ ಬೆಳೆದವರು ಇದನ್ನು ನಂಬುವುದು ಕಷ್ಟ. ‘ಹೊಂಟೀನಿ’ ಎಂದರೆ ಇತ್ತಲವ, ‘ಹೊರಟಿದ್ದೀನಿ’ ಎಂದರೆ ಅತ್ತಲವ ಎಂದು ನಾವು ಒಂದೇ ಪದದಲ್ಲಿ ಗುರುತು ಹಿಡಿಯುತ್ತೇವೆ. 1963ರ ‘ದಿ ಗ್ರೇಟ್ ಎಸ್ಕೇಪ್’ ಚಿತ್ರದಲ್ಲಿ ಜರ್ಮನ್ ಸೆರೆಯಿಂದ ಪಾರಾಗಿ ಬಸ್ಸು ಹತ್ತುತ್ತಿರುವವನಿಗೆ ಅಧಿಕಾರಿಯೊಬ್ಬ ಇಂಗ್ಲಿಷಿನಲ್ಲಿ ಶುಭ ಹಾರೈಸುತ್ತಾನೆ. ಅವನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ ಧನ್ಯವಾದ ಹೇಳಿ ಸಿಕ್ಕಿಬೀಳುತ್ತಾನೆ. ಕಾಗದಪತ್ರವೆಲ್ಲ ಸರಿಯಿತ್ತು, ನಾಲಗೆ ಮಾತ್ರ ಕೇಳಲಿಲ್ಲ.

ಇಚಲಕರಂಜಿಯ ಬಸ್ಸಿನಲ್ಲಿ ಈ ದೃಶ್ಯವನ್ನು ನಾನು ಬೇರೆ ರೀತಿಯಲ್ಲಿ ಕಂಡಿದ್ದೇನೆ. ಮನೆಯಲ್ಲಿ ಕನ್ನಡವಾಡುವ ಹುಡುಗರು ಗೆಳೆಯರೆದುರು ಮರಾಠಿಯಲ್ಲೇ ಹರಟುತ್ತಾರೆ, ಅಚ್ಚುಕಟ್ಟಾಗಿ. ಅಷ್ಟರಲ್ಲಿ ಊರಿನಿಂದ ಅವ್ವನ ಫೋನು ಬರುತ್ತದೆ. ಕೆಲವರು ಕೈಯನ್ನು ಬಾಯಿಗೆ ಮರೆಮಾಡಿ ದನಿ ತಗ್ಗಿಸುತ್ತಾರೆ. ಕೆಲವರು ಮರಾಠಿಯಲ್ಲೇ ಉತ್ತರಿಸಿ ಬೇಗ ಮುಗಿಸುತ್ತಾರೆ. ಯಾವ ಶತ್ರುವೂ ಅಲ್ಲಿರುವುದಿಲ್ಲ. ಮರಾಠಿ ನಮ್ಮ ನೆರೆಯ ಮಾತು, ನನಗೂ ಪ್ರಿಯವಾದದ್ದು. ಅದನ್ನು ಆಡುವುದು ವೇಷವಲ್ಲ. ಅವ್ವನ ಮಾತನ್ನು ಗುಪ್ತ ಸಂಕೇತದಂತೆ ಬಚ್ಚಿಡುವುದು ಮಾತ್ರ ನನ್ನನ್ನು ಕಾಡುತ್ತದೆ.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ನಮ್ಮ ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ತೆರೆಯ ಮೇಲಿನ ಕನ್ನಡ ಮೊದಲು ಧ್ವನಿಮುದ್ರಣಗೊಂಡದ್ದು ಮರಾಠಿ ನಗರವೊಂದರಲ್ಲಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ. ಆರ್. ನಾಗೇಂದ್ರರಾಯರ ರಾವಣನೇನೂ ದನಿ ತಗ್ಗಿಸಿರಲಾರ.