ಅಮ್ಮ ಕೇಳಿದ ಪ್ರಶ್ನೆ

“ನಿನ್ನನ್ನು ಎಂ.ಎಸ್ಸಿ. ಓದಿಸಿದ್ದು ಬೆಡ್‌ಪ್ಯಾನ್ ತೊಳೆಯೋದಕ್ಕೇನೇ?”

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಸುಮ್ಮನಾದೆ. ನನಗಾಗ ನಲವತ್ತೊಂದು ವರ್ಷ. ನನ್ನವರ ಕೆಲಸದ ನಿಮಿತ್ತ ನ್ಯೂಯಾರ್ಕ್ ರಾಜ್ಯದ ಒಂದು ಚಿಕ್ಕ ಊರಿಗೆ ಬಂದು ಹತ್ತು ವರ್ಷವಾಗಿತ್ತು. ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಪದವಿ ಓದುತ್ತೇನೆ ಎಂದಿದ್ದೆ, ಅಷ್ಟೇ. ಮುಂದೆ ನೆಂಟರಿಷ್ಟರು ಕೇಳಿದರೆ ಅಮ್ಮ “ಅದೇನೋ ಕಂಪ್ಯೂಟರ್ ಕೋರ್ಸಂತೆ” ಎನ್ನುತ್ತಿದ್ದರೆಂದು ತಮ್ಮನಿಂದ ತಿಳಿಯಿತು.

ಈ ಹುಚ್ಚು ಹತ್ತಲು ಕಾರಣವಿತ್ತು. ಅಪ್ಪ ಕೊನೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆದಾಗ ಒಬ್ಬ ಹುಡುಗಿ ಅವರನ್ನು ಮಗುವಿನಂತೆ ನೋಡಿಕೊಂಡಿದ್ದಳು. ನಾವೆಲ್ಲ ‘ಸಿಸ್ಟರ್, ಸಿಸ್ಟರ್’ ಎಂದು ಕರೆದೆವೇ ಹೊರತು ಒಬ್ಬರೂ ಅವಳ ಹೆಸರು ಕೇಳಲಿಲ್ಲ.

ಅಮೆರಿಕದ ಈ ಎರಡು ವರ್ಷದ ಪದವಿಗೆ ಒಂದು ಕಥೆಯಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ದಾದಿಯರ ಕೊರತೆ ಕಾಡಿತು. ಮಿಲ್ಡ್ರೆಡ್ ಮೊಂಟಾಗ್ ಎಂಬಾಕೆ 1951ರಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ, ಎರಡೇ ವರ್ಷದಲ್ಲಿ ಕಾಲೇಜಿನಲ್ಲೇ ನರ್ಸುಗಳನ್ನು ತಯಾರು ಮಾಡಬಹುದು ಎಂದು ಸೂಚಿಸಿದರು. ಮರುವರ್ಷವೇ ಕೆಲವು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ನಮ್ಮಲ್ಲಿ ಜಿ.ಎನ್.ಎಂ.ಗೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು ವರ್ಷ ಬೇಕು. ಅಲ್ಲಿ ಎರಡು ವರ್ಷ ಓದಿದವರೂ ನಾಲ್ಕು ವರ್ಷ ಓದಿದವರೂ ಬರೆಯುವುದು ಒಂದೇ ಲೈಸೆನ್ಸ್ ಪರೀಕ್ಷೆ, ಎನ್‌ಕ್ಲೆಕ್ಸ್.

ಆದರೆ ‘ಎರಡು ವರ್ಷ’ ಎಂಬುದು ಹೇಳಿಕೆಗೆ ಮಾತ್ರ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಮನಶ್ಶಾಸ್ತ್ರ ಇವನ್ನೆಲ್ಲ ಮುಗಿಸಲು ಮೊದಲೇ ಒಂದು ವರ್ಷ ಹಿಡಿಯಿತು. 2021ರಲ್ಲಿ ಸೀಟು ಸಿಕ್ಕಿತು. ನನ್ನ ಬೆಂಚಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು, ಎರಡು ಮಕ್ಕಳ ತಾಯಿ ಒಬ್ಬಳು, ಲಾರಿ ಓಡಿಸುತ್ತಿದ್ದ ಒಬ್ಬಾತ!

ಮೊದಲ ಪೆಟ್ಟು ಬಿದ್ದದ್ದು ಔಷಧದ ಲೆಕ್ಕದ ಪರೀಕ್ಷೆಯಲ್ಲಿ. ರಸಾಯನಶಾಸ್ತ್ರ ಓದಿದವಳಿಗೆ ಲೆಕ್ಕವೇನು ಮಹಾ ಎಂಬ ಜಂಬ ನನಗೆ. ಪಾಸಾಗಲು ತೊಂಬತ್ತು ಬೇಕಿತ್ತು, ಬಂದದ್ದು ಎಂಬತ್ತೈದು. ಉತ್ತರವನ್ನು 5.0 ಎಂದು ಬರೆದಿದ್ದೆ. ಪ್ರಯೋಗಶಾಲೆಯಲ್ಲಿ ಕಲಿತದ್ದೇ ಹಾಗೆ. ಆ ಸೊನ್ನೆ ಅಳತೆಯ ನಿಖರತೆಯ ಗುರುತು. ಟೀಚರ್ ಹೇಳಿದರು: “ಚುಕ್ಕೆ ಮಾಸಿದರೆ ನಿನ್ನ ಐದು ಐವತ್ತಾಗುತ್ತದೆ. ರೋಗಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ.” ಇನ್ನೊಂದೇ ಅವಕಾಶ. ತಪ್ಪಿದರೆ ಆಸ್ಪತ್ರೆಯ ತರಬೇತಿಗೆ ಸೇರಿಸುವುದಿಲ್ಲ. ಆ ವಾರ ಮಗಳು ನನಗೆ ಲೆಕ್ಕ ಕೊಟ್ಟು, ತಿದ್ದಿ, ಟೀಚರಾದಳು. ಪಾಸಾದೆ.

ಮುಂದೆ ಬೆಳಗಿನ ಆರೂವರೆಗೆ ವೃದ್ಧರ ಆರೈಕೆ ಕೇಂದ್ರಕ್ಕೆ ಹಾಜರಾಗಬೇಕಿತ್ತು. ಮೊದಲ ದಿನವೇ ಎದ್ದು ಕೂರಲಾರದ ಮುದುಕರೊಬ್ಬರಿಗೆ ಮಂಚದಲ್ಲೇ ಮೈ ಒರೆಸುವ ಕೆಲಸ. ಕೈ ನಡುಗುತ್ತಿತ್ತು. ಪಕ್ಕಕ್ಕೆ ಹೊರಳಿಸಿದಾಗ ಬೆನ್ನಿನ ಕೆಳಗೆ ಕೆಂಪು ಕಲೆ ಕಂಡಿತು. ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳಲಿಲ್ಲ. ಅದು ಹಾಸಿಗೆ ಹುಣ್ಣಿನ ಆರಂಭ. ಹೇಳಿದೊಡನೆ ಅವರನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸುವ ಏರ್ಪಾಡಾಯಿತು.

ಅಂದು ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೈ ಒರೆಸುವುದೆಂದರೆ ಮೈಯನ್ನು ಓದುವುದು. ಬೆಡ್‌ಪ್ಯಾನೂ ಹಾಗೆಯೇ. ಮಲ ಡಾಂಬರಿನಂತೆ ಕಪ್ಪಗಿದ್ದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು. ಅದನ್ನು ಮೊದಲು ಕಾಣುವವಳು ನರ್ಸ್.

2023ರ ಬೇಸಿಗೆಯಲ್ಲಿ ಎನ್‌ಕ್ಲೆಕ್ಸ್‌ಗೆ ಕುಳಿತೆ. ನಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150. ನನಗೆ 85ಕ್ಕೇ ಪರದೆ ನಿಂತುಬಿಟ್ಟಿತು. ಬಹಳ ಚೆನ್ನಾಗಿ ಬರೆದವರಿಗೂ ಹೀಗೇ ನಿಲ್ಲುತ್ತದೆ, ತೀರಾ ಕೆಟ್ಟದಾಗಿ ಬರೆದವರಿಗೂ! ಎರಡು ದಿನ ಅನ್ನ ಸೇರಲಿಲ್ಲ. ಪಾಸಾಗಿತ್ತು.

ಓದು ಇನ್ನೂ ಮುಗಿದಿಲ್ಲ. ನ್ಯೂಯಾರ್ಕ್‌ನಲ್ಲಿ 2017ರಲ್ಲಾದ ಕಾಯಿದೆಯಂತೆ ನನ್ನಂಥವರು ಹತ್ತು ವರ್ಷದೊಳಗೆ ನಾಲ್ಕು ವರ್ಷದ ಪದವಿಯನ್ನೂ ಪಡೆಯಬೇಕು. ರಾತ್ರಿ ಪಾಳಿ ಮುಗಿಸಿ ಓದುತ್ತಿದ್ದೇನೆ.

ಪಾಸಾದ ಸುದ್ದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ನಿನ್ನಪ್ಪನಿಗೆ ಮೈ ಒರೆಸ್ತಿದ್ಲಲ್ಲ, ಆ ಹುಡುಗಿ ಹೆಸರೇನೇ?”

ನನಗೆ ಗೊತ್ತಿರಲಿಲ್ಲ. “ಛೆ, ಕೇಳಬೇಕಿತ್ತು ಕಣೇ” ಎಂದರು. ಮರುದಿನ ಪಕ್ಕದ ಮನೆಯವರಿಗೆ ತಾವಾಗಿಯೇ ಹೇಳಿದರಂತೆ: “ನನ್ನ ಮಗಳು ನರ್ಸು.”

ಮಗಳೋ ಮಗನೋ ನರ್ಸಿಂಗ್ ಓದುತ್ತೇನೆಂದರೆ ‘ಜನ ಏನಂದಾರು’ ಎನ್ನುವ ಮೊದಲು, ನಮ್ಮವರು ಮಲಗಿದ್ದ ಆಸ್ಪತ್ರೆಯ ಮಂಚವನ್ನು ಒಮ್ಮೆ ನೆನೆಯೋಣ.